ಸಿಗ್ನಲ್‌ನಲ್ಲಿ ನಿಂತಿದ್ದ ಸೈಕಲ್ಲು

ಅಂದು ಖೈತಾನಿನ ಸಿಗ್ನಲ್‌ನಲ್ಲಿ ಸೈಕಲ್ ನಿಲ್ಲಿಸಿಕೊಂಡಿದ್ದ ನಿಮ್ಮನ್ನು ನಾನು ನೋಡಿದ್ದೆ. ನೋಡಿಯೂ ನೀವಲ್ಲ ಎಂದೆ. ಕಟ್ಟಿಕೊಂಡ ಗಂಡನಿಗೆ ಹೇಳಬೇಕಾದ ಈ ಮಾತನ್ನು ಇಷ್ಟು ವರ್ಷ — ಹೇಗೆ ನುಂಗಿಕೊಂಡೆನೋ.

ಆಗ ಈ ಗಲ್ಫ್ ಊರಿನಲ್ಲಿ ಚಳಿಗಾಲ. ಶುವೈಖ್‌ನ ಗೋದಾಮಿನ ಕೆಲಸಕ್ಕೆ ನೀವು ಸೈಕಲ್‌ನಲ್ಲೇ ಹೋಗುತ್ತಿದ್ದಿರಿ. ಪ್ಯಾಂಟಿನ ಅಂಚು ಚೈನಿಗೆ ಸಿಗದಂತೆ ಬಾಲ್ಕನಿಯ ಬಟ್ಟೆ ಹಗ್ಗದಿಂದ ಒಂದು ನೀಲಿ ಕ್ಲಿಪ್ಪು ತೆಗೆದು ಸಿಕ್ಕಿಸಿಕೊಳ್ಳುತ್ತಿದ್ದಿರಿ. ಕಾರುಗಳು ಹಾರ್ನ್ ಹೊಡೆದು ಅಂಚಿಗೆ ತಳ್ಳುತ್ತವೆ ಎಂದು ನಾನು ಹೆದರಿದರೆ, ಗಾಳಿ ಮುಖಕ್ಕೆ ಬಡಿದರೆ ಊರು ನೆನಪಾಗುತ್ತದೆ ಎನ್ನುತ್ತಿದ್ದಿರಿ. ಹೆದರಿಕೆ ನಿಜವೇ ಇತ್ತು. ಅದರ ಕೆಳಗೆ ನಾಚಿಕೆಯೂ ಇತ್ತು — ಇಲ್ಲಿ ಸೈಕಲ್ ತುಳಿಯುವವರು ಲೇಬರ್ ಕ್ಯಾಂಪಿನ ಕೂಲಿಯವರು ಮಾತ್ರ ಎಂದು ನಮ್ಮ ಹೆಂಗಸರೆಲ್ಲ ಹೇಳುತ್ತಿದ್ದರು.

ಅಂಥದೇ ಸೈಕಲ್‌ನ ಕ್ಯಾರಿಯರ್ ಮೇಲೆ, ಮದುವೆಯಾದ ಹೊಸತರಲ್ಲಿ, ಉಳ್ಳಾಲದ ಕಡಲಿಗೆ ಹೋದವಳು ನಾನು. ಶಾಲೆಯಲ್ಲಿ ಸಿಸ್ಟರ್ ಕಲಿಸಿದ ಹಾಗೆ ಮಂಡಿ ಜೋಡಿಸಿ, ಒಂದು ಕೈ ನಿಮ್ಮ ಸೊಂಟದ ಮೇಲೆ. ಇಳಿಜಾರಿನಲ್ಲಿ ನೀವು ಬ್ರೇಕ್ ಬಿಟ್ಟಾಗ ನಾನು ನಕ್ಕ ನಗು — ಅಂಥದ್ದು ಆಮೇಲೆ ಬರಲೇ ಇಲ್ಲ.

ಅಂದು ಸುಮತಿಯಕ್ಕನ ಹೊಸ ಕಾರಿನಲ್ಲಿ ಸೂಕ್ ಮಾರುಕಟ್ಟೆಯಿಂದ ಬರುತ್ತಿದ್ದೆ. ಗೆಳತಿಯಾದರೂ ಅವರೆದುರು ನನಗೆ ಯಾವಾಗಲೂ ಒಂದಿಷ್ಟು ಸಂಕೋಚ. ಅವರು ಸ್ಟಿಯರಿಂಗ್ ಮೇಲೆ ಬಾಗಿ, "ಅಲ್ಲಿ ನೋಡು, ನಿನ್ನ ಗಂಡನ ಹಾಗೆಯೇ ಉಂಟಲ್ಲ ಮಾರಾಯ್ತಿ?" ಎಂದರು. ನೀಲಿ ಕ್ಲಿಪ್ಪು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಇವರಾ? ಇಲ್ಲಪ್ಪ. ಅದು ಯಾರೋ ಲೇಬರ್ ಇರ್ಬೇಕು."

ನೀವು ಕೈ ಎತ್ತಿದಿರಿ. ನಾನು ಬ್ಯಾಗಿನೊಳಗೆ ಏನನ್ನೋ ಹುಡುಕಿದೆ.

ನೀವು ಮನೆಗೆ ಬಂದು ಕ್ಲಿಪ್ಪನ್ನು ಹಗ್ಗಕ್ಕೆ ಸಿಕ್ಕಿಸಿ, ಚಹಾ ಕುಡಿಯುತ್ತಾ, "ಸುಮತಿಯಕ್ಕನ ಕಾರು ಒಳ್ಳೇದುಂಟು" ಎಂದಿರಿ. ಅಷ್ಟೇ. ವಾರದೊಳಗೆ ಸೈಕಲ್ ಕಟ್ಟಡದ ಕಾವಲುಗಾರನ ಪಾಲಾಯಿತು. ಮಂಡಿನೋವು ಎಂದಿರಿ. ಲಿಫ್ಟ್ ಕೆಟ್ಟಾಗ ಗ್ಯಾಸ್ ಸಿಲಿಂಡರ್ ಹೊತ್ತು ಮಹಡಿ ಹತ್ತುತ್ತಿದ್ದ ಮಂಡಿ ಅದು.

ಈಗ ನಮ್ಮ ಮಗ ಶುಕ್ರವಾರ ಬಂತೆಂದರೆ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ಸಮುದ್ರದ ದಂಡೆಗೆ ಹೋಗುತ್ತಾನೆ. ನಿಮ್ಮನ್ನೂ ಕರೆಯುತ್ತಾನೆ, ನೀವು ಮಂಡಿ ಸವರಿಕೊಳ್ಳುತ್ತೀರಿ. ಮೊನ್ನೆ ಅವನ ಫೋಟೊ ನೋಡಿ, ಎಷ್ಟು ಸ್ಟೈಲ್ ಎಂದು ಸುಮತಿಯಕ್ಕ ಹೊಗಳಿದರು. ಆಗ ಹೇಳಿಬಿಟ್ಟೆ — ಅಂದು ಸಿಗ್ನಲ್‌ನಲ್ಲಿದ್ದದ್ದು ಇವರೇ ಎಂದು. ಯಾವ ಸಿಗ್ನಲ್ ಎಂದರು. ಅವರಿಗೆ ನೆನಪೇ ಇಲ್ಲ.

ನೆನಪಿರುವುದು ನಮ್ಮಿಬ್ಬರಿಗೇ. ನೀವು ಎತ್ತಿದ ಆ ಕೈ — ಹೇಗೆ ಕೆಳಗಿಳಿಯಿತೋ, ನಾನು ನೋಡಲೂ ಇಲ್ಲ.