ಅಪ್ಪನ ರಾತ್ರಿ ಫಲಾಹಾರ

ಅಪ್ಪನ ಎಡಗಾಲಿನ ಹೆಬ್ಬೆರಳ ಪಕ್ಕ ಹೊಸ ಚಪ್ಪಲಿ ಕಚ್ಚಿ ಗಾಯವಾಯಿತು. ಚಪ್ಪಲಿ ಯಾರಿಗೆ ಕಚ್ಚುವುದಿಲ್ಲ? ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದರೆ ವಾರದಲ್ಲಿ ಒಣಗುವಂಥದ್ದು. ಇದು ಒಣಗಲಿಲ್ಲ. ಯುಗಾದಿಗೆ ಮುಂಚೆ ಆದದ್ದು ಮಾವಿನಹಣ್ಣಿನ ಕಾಲ ಬಂದರೂ ಹಾಗೇ ಇತ್ತು, ಸುತ್ತಲಿನ ಚರ್ಮ ಕಪ್ಪಗಾಗುತ್ತಿತ್ತು. ಅಪ್ಪ ಅದನ್ನು ಪಂಚೆಯ ಅಂಚಿನಲ್ಲಿ ಮುಚ್ಚಿಕೊಂಡು ಕೂರುತ್ತಿದ್ದರು. ಮುಚ್ಚಿದಷ್ಟೂ ಅಮ್ಮನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಕಾಲಿನ ಗಾಯವೆಂದರೆ ನಮ್ಮ ಮನೆಯಲ್ಲಿ ಎಲ್ಲರ ಎದೆ ಧಸಕ್ಕೆನ್ನಲು ಕಾರಣವಿತ್ತು. ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪನಿಗೆ, ಹಿತ್ತಲಲ್ಲಿ ಮುಳ್ಳು ಚುಚ್ಚಿದ್ದೇ ನೆಪವಾಗಿ ಮೊಣಕಾಲಿನ ಕೆಳಗೆ ಕಾಲು ಕತ್ತರಿಸಿದ್ದರು. ಸಕ್ಕರೆ ಕಾಯಿಲೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಆಗಲೇ. ಆಮೇಲೆ ದೊಡ್ಡಪ್ಪ ಬದುಕಿದ್ದಷ್ಟು ದಿನ ಕಿಟಕಿಯ ಪಕ್ಕದ ಮಂಚದಲ್ಲಿ ಕೂತು, ಇಲ್ಲದ ಹೆಬ್ಬೆರಳು ನವೆಯಾಗುತ್ತಿದೆ ಎಂದು ಹಾಸಿಗೆ ಕೆರೆಯುತ್ತಿದ್ದರು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಜೀವಮಾನವೆಲ್ಲ ಎಲ್ಲರಿಗೂ ಉಪದೇಶ ಮಾಡಿದ ಮನುಷ್ಯ. ಅವರು ಊಟ ಬಲ್ಲವರೇ, ಅದರಲ್ಲಿ ಸಂಶಯವಿಲ್ಲ. ಪಂಕ್ತಿಯಲ್ಲಿ ಅವರ ಪಕ್ಕ ಕೂತವರಿಗೆ ಹೋಳಿಗೆ ಸಾಲುತ್ತಿರಲಿಲ್ಲ.

ಆಗ ನಾವು ಜಯನಗರಕ್ಕೆ ಬಂದು ನಾಲ್ಕೈದು ವರ್ಷವಾಗಿತ್ತು. ಅದಕ್ಕೆ ಮುಂಚೆ ಬಸವನಗುಡಿಯಲ್ಲಿ ಬಾಡಿಗೆ ಮನೆ. ಅಲ್ಲಿದ್ದಾಗ ಅಪ್ಪ ಆಫೀಸಿಗೆ ನಡೆದು ಹೋಗಿ ನಡೆದು ಬರುತ್ತಿದ್ದರು, ಸಂಜೆ ಮತ್ತೆ ತರಕಾರಿಗೆಂದು ಗಾಂಧಿ ಬಜಾರಿಗೆ ಒಂದು ಸುತ್ತು. ಜಯನಗರದಲ್ಲಿ ಸ್ವಂತ ಮನೆಯಾಯಿತು, ರಸ್ತೆಯ ತುದಿಗೇ ಬಸ್ಸು ಬಂತು, ವರಾಂಡಕ್ಕೆ ಒಂದು ಬೆತ್ತದ ಕುರ್ಚಿ ಬಂತು. ಸಂಜೆ ಬಂದವರು ಅದರಲ್ಲಿ ಕೂತರೆ ಊಟಕ್ಕೇ ಏಳುವುದು. ಎದುರಿಗೆ ಖಾಲಿ ಸೈಟು, ಅದರಾಚೆ ರಾಗಿ ಹೊಲ, ತಣ್ಣನೆ ಗಾಳಿ. ಯಾರಿಗೆ ತಾನೆ ಏಳಬೇಕೆನ್ನಿಸೀತು? ಅಪ್ಪನಿಗೆ ಹೊಟ್ಟೆ ಬಂತು. ನೆಂಟರು ಅದನ್ನು ನೋಡಿ, “ಸ್ವಂತ ಮನೆ ಕಳೆ ಬಂದಿದೆ ಮುಖದಲ್ಲಿ” ಎಂದರು. ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ.

ಬಾಯಾರಿಕೆ ಶುರುವಾದಾಗ ಬಿಸಿಲಿನ ಮೇಲೆ ಹಾಕಿದೆವು. ಸುಸ್ತನ್ನು ವಯಸ್ಸಿನ ಮೇಲೆ ಹಾಕಿದೆವು. ಗಾಯವನ್ನು ಹಾಕಲು ಏನೂ ಸಿಗಲಿಲ್ಲ. ನನ್ನದು ಮೊದಲಿನಿಂದಲೂ ಕೆಟ್ಟದ್ದನ್ನೇ ಮೊದಲು ಯೋಚಿಸುವ ಬುದ್ಧಿ. ಡಾಕ್ಟರಲ್ಲಿಗೆ ಹೋಗೋಣವೆಂದು ನಾನೇ ಹಟ ಹಿಡಿದೆ. ಅಪ್ಪ ಬೈದರು, ಅಮ್ಮ ಅತ್ತಳು, ಕೊನೆಗೆ ಮೂವರೂ ಹೊರಟೆವು.

ಡಾಕ್ಟರು ಲಕ್ನೋ ಕಡೆಯವರು. ಈ ಊರಿಗೆ ಬಂದು ನೆಲೆಸಿ, ಪಟ್ಟು ಹಿಡಿದು ಕನ್ನಡ ಕಲಿತಿದ್ದರು. ಗಾಯವನ್ನು ಬಹಳ ಹೊತ್ತು ನೋಡಿದರು, ಪರೀಕ್ಷೆ ಮಾಡಿಸಿದರು, ದೊಡ್ಡಪ್ಪನ ಕಥೆ ಕೇಳಿ ತಲೆಯಾಡಿಸಿದರು. ಮಾತ್ರೆ ಬರೆದುಕೊಟ್ಟು ಅಮ್ಮನ ಕಡೆ ತಿರುಗಿದರು.

“ನೋಡಿ ಅಮ್ಮ, ಮಾತ್ರೆ ಅರ್ಧ ಕೆಲಸ ಮಾಡುತ್ತೆ. ಉಳಿದದ್ದು ನಿಮ್ಮ ಅಡುಗೆಮನೆ. ಸಕ್ಕರೆ, ಬೆಲ್ಲ ಬಂದ್. ಮಧ್ಯಾಹ್ನ ಅನ್ನ ಸ್ವಲ್ಪ. ರಾತ್ರಿ ಅನ್ನ ಪೂರಾ ಬಂದ್. ಇಲ್ಲಾಂದ್ರೆ ಈ ಕಾಲು ಉಳಿಯಲ್ಲ.”

ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೇಳಿಸಿಕೊಂಡಳು. ಆಮೇಲೆ, “ರಾತ್ರಿ ಫಲಾಹಾರ ಮಾಡಿಕೊಡಬಹುದಾ?” ಎಂದು ಕೇಳಿದಳು.

ಡಾಕ್ಟರ ಮುಖ ಅರಳಿತು. “ಫಲಾಹಾರ? ಬಹಳ ಒಳ್ಳೇದು. ದಿನಾ ಮಾಡಲಿ. ಆದರೆ ಮಾವಿನಹಣ್ಣು, ಬಾಳೆಹಣ್ಣು ಬೇಡ. ಸೀಬೆಕಾಯಿ, ಪರಂಗಿ, ಅಂಥದ್ದು ಕೊಡಿ.”

ಬಸ್ಸಿನಲ್ಲಿ ಕೂತ ಮೇಲೆ ಅಪ್ಪ ಎಷ್ಟೋ ದಿನದ ನಂತರ ನಕ್ಕರು. “ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂದ ಹಾಗಾಯ್ತಲ್ಲೇ” ಎಂದರು.

ನಮ್ಮಲ್ಲಿ ಶನಿವಾರ ಒಪ್ಪತ್ತು ಮಾಡುವ ಪದ್ಧತಿ. ಹಗಲು ಒಂದು ಹೊತ್ತು ಅನ್ನ, ರಾತ್ರಿ ಫಲಾಹಾರ. ಹೆಸರಿನಲ್ಲಿ ಫಲವಿದೆ ಎಂದು ಯಾರೂ ಹಣ್ಣು ತಿಂದು ಮಲಗುತ್ತಿರಲಿಲ್ಲ. ಅನ್ನವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಫಲಾಹಾರ. ಉಪ್ಪಿಟ್ಟು, ದೋಸೆ, ಒಗ್ಗರಣೆ ಅವಲಕ್ಕಿ, ಶಾವಿಗೆ. ಅಷ್ಟೇಕೆ, ಅದೇ ಅಕ್ಕಿಯನ್ನು ಹುರಿದು ತರಿ ಮಾಡಿ ಉಪ್ಪಿಟ್ಟು ಕೆದಕಿದರೆ ಅದೂ ಫಲಾಹಾರವೇ, ಬೆಂದ ಅನ್ನಕ್ಕೆ ಅಂಟುವ ಮುಸುರೆಯ ಮಾತೇ ಇಲ್ಲ. ಬಸವನಗುಡಿ, ಜಯನಗರದ ನಮ್ಮಂಥ ಮನೆಗಳಲ್ಲಿ ಇದನ್ನು ಕೂಸಿಗೂ ಹೇಳಿಕೊಡಬೇಕಾಗಿರಲಿಲ್ಲ. ಲಕ್ನೋದಲ್ಲಿ ಹುಟ್ಟಿದವರಿಗೆ ಯಾರಾದರೂ ಹೇಳಿಕೊಡಬೇಕಾಗಿತ್ತು. ಯಾರೂ ಹೇಳಲಿಲ್ಲ.

ಅಮ್ಮ ವ್ರತ ಹಿಡಿದವಳಂತೆ ಹಿಡಿದಳು. ಅಪ್ಪನಿಗೆ ಇನ್ನು ದಿನವೂ ಶನಿವಾರ. ಅನ್ನ ಬಿಟ್ಟ ಮನುಷ್ಯ ಸೊರಗಬಾರದಲ್ಲ ಎಂದು ಉಪ್ಪಿಟ್ಟಿಗೆ ಎರಡು ಚಮಚ ತುಪ್ಪ ಹೆಚ್ಚು ಬಿತ್ತು, ದೋಸೆಗೆ ಬೆಣ್ಣೆ ಬಂತು. “ಇನ್ನೊಂದು ಹಾಕಿಸ್ಕೊಳ್ಳೀಂದ್ರೆ. ಪಾಪ, ಅನ್ನವಿಲ್ಲದ ಹೊಟ್ಟೆ” ಎಂದು ಕಾವಲಿಯಿಂದ ನೇರ ತಟ್ಟೆಗೆ ತಂದು ಹಾಕುತ್ತಿದ್ದಳು. ಕೊನೆಯಲ್ಲಿ, ಡಾಕ್ಟರು ಹೇಳಿದ್ದಾರೆಂದು, ಒಂದು ಸೀಬೆಕಾಯಿ.

ಮಾತ್ರೆಯ ಜೊತೆಗೆ ಡಾಕ್ಟರು ಒಂದು ಬಾಟಲು ನೀಲಿ ದ್ರವವನ್ನೂ ಬರೆದುಕೊಟ್ಟಿದ್ದರು. ಗಾಜಿನ ನಳಿಗೆಯಲ್ಲಿ ಅದನ್ನು ಸ್ವಲ್ಪ ಹಾಕಿ, ಅಪ್ಪನ ಮೂತ್ರದ ಕೆಲವು ಹನಿ ಬೆರೆಸಿ ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಬಣ್ಣವಾದರೆ ಗಂಡಾಂತರ. ಕಾಲೇಜಿನಲ್ಲಿ ಕೆಮಿಸ್ಟ್ರಿ ಓದುತ್ತಿದ್ದೆನಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಅಡುಗೆಮನೆಯ ಸುತ್ತಮುತ್ತ ಆ ನಳಿಗೆ ಸುಳಿಯುವಂತಿರಲಿಲ್ಲ. ಬೆಳಿಗ್ಗೆ ಬಚ್ಚಲುಮನೆಯ ಹಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕುದಿಸುತ್ತಿದ್ದೆ. ಬಾಗಿಲಾಚೆ ಅಮ್ಮ ನಿಂತಿರುತ್ತಿದ್ದಳು.

“ಏನು ಬಣ್ಣ?”

“ತಾಳಮ್ಮ, ಇನ್ನೂ ಕುದೀಬೇಕು.”

“ಏನು ಬಣ್ಣ ಹೇಳೇ.”

ನೀಲಿ ನಿಧಾನವಾಗಿ ಕದಡುತ್ತಿತ್ತು, ಹಸಿರಾಗುತ್ತಿತ್ತು. ಇಲ್ಲಿಗೇ ನಿಲ್ಲು ಎಂದು ನಾನು ಹಲ್ಲು ಕಚ್ಚಿ ಹಿಡಿದರೂ ನಿಲ್ಲದೆ ಹಳದಿಗೆ ಹೋಗುತ್ತಿತ್ತು, ಆಮೇಲೆ ಕಿತ್ತಳೆ. ಆ ಕ್ಷಣಗಳಲ್ಲಿ ನನಗಾಗುತ್ತಿದ್ದ ಭಯ ಯಾವ ಪರೀಕ್ಷೆಯ ಫಲಿತಾಂಶಕ್ಕೂ ಆಗಿಲ್ಲ. ಇಟ್ಟಿಗೆ ಬಣ್ಣ ಬಂದ ದಿನ ಬಾಗಿಲು ತೆರೆದು ಹೇಳುವುದೇ ಕಷ್ಟವಾಗುತ್ತಿತ್ತು. ಅಮ್ಮ ನನ್ನ ಮುಖ ನೋಡಿಯೇ ಒಳಗೆ ಹೋಗಿಬಿಡುತ್ತಿದ್ದಳು.

ನಮಗೆ ಅರ್ಥವಾಗುತ್ತಿರಲಿಲ್ಲ. ಅಪ್ಪ ಸಿಹಿ ಮುಟ್ಟುತ್ತಿರಲಿಲ್ಲ, ಕಾಫಿಗೂ ಸಕ್ಕರೆಯಿಲ್ಲ, ರಾತ್ರಿ ಒಂದು ಅಗುಳು ಅನ್ನವಿಲ್ಲ. ಪಿಷ್ಟ ಒಡೆದು ಸಕ್ಕರೆಯಾಗುವುದನ್ನು ನಾನು ಕಾಲೇಜಿನ ಲ್ಯಾಬಿನಲ್ಲಿ ಕಣ್ಣಾರೆ ನೋಡಿದ್ದೆ. ಅದು ನಮ್ಮ ಮನೆಯ ಉಪ್ಪಿಟ್ಟಿಗೂ ಅನ್ವಯಿಸುತ್ತದೆಂದು ಪಠ್ಯದಲ್ಲಿ ಇರಲಿಲ್ಲ. ಅಮ್ಮ ಸೀಬೆಕಾಯಿಯ ಮೇಲೆ ಅನುಮಾನಪಟ್ಟು ಅದನ್ನೂ ನಿಲ್ಲಿಸಿದಳು. ಬಿಳೇಕಹಳ್ಳಿ ಕಡೆಯಿಂದ ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸಿನ ಹತ್ತಿರ ಹಾಗಲಕಾಯಿ ತರಿಸಿ ರಸ ಹಿಂಡಿ ಕುಡಿಸಿದಳು. ಹಾಗಲಕಾಯಿ ಕುಡಿದು ಕಹಿಯಾದ ಬಾಯಿಗೆಂದು ಆ ರಾತ್ರಿ ಒಂದು ದೋಸೆ ಹೆಚ್ಚಾಯಿತು.

ಗಾಯದ ಪಕ್ಕದ ಬೆರಳೂ ಬಣ್ಣ ತಿರುಗಿತು. ಈಗ ಅದಕ್ಕೆ ವಾಸನೆಯಿತ್ತು. ಅಪ್ಪ ಹತ್ತಿರ ಬಂದು ಕೂತರೆ ಯಾರೂ ಏನೂ ಹೇಳುತ್ತಿರಲಿಲ್ಲ, ಹೇಳದಿರುವುದು ಅಪ್ಪನಿಗೆ ಗೊತ್ತಾಗುತ್ತಿತ್ತು. ಆಫೀಸಿಗೆ ರಜೆ ಹಾಕಿದರು. ಒಂದು ಮಧ್ಯಾಹ್ನ ಅವರು ಬೆತ್ತದ ಕುರ್ಚಿಯಲ್ಲಿ ಕೂತು ತಮ್ಮ ಮೊಣಕಾಲಿನ ಕೆಳಗೆ, ದೊಡ್ಡಪ್ಪನಿಗೆ ಕತ್ತರಿಸಿದ್ದ ಅದೇ ಜಾಗದಲ್ಲಿ, ಎರಡು ಕೈಯಿಂದ ಹಿಡಿದುಕೊಂಡಿದ್ದರು. ನಾನು ನೋಡಿದ್ದನ್ನು ಕಂಡು ಕೈ ತೆಗೆದರು.

ಅಪ್ಪನಿಗೆ ಬಸ್ಸು ಹತ್ತಲಾಗದೆ ಹೋದಾಗ ಡಾಕ್ಟರು ತಾವೇ ಮನೆಗೆ ಬರುತ್ತೇನೆಂದರು. ಬೆಳಿಗ್ಗೆ ಬರಬೇಕಾದವರು ಬಿಡುವಾಗದೆ ದೀಪ ಹಚ್ಚುವ ಹೊತ್ತಿಗೆ ಬಂದರು. ಅಪ್ಪ ತಟ್ಟೆಯ ಮುಂದೆ ಕೂತಿದ್ದರು.

“ಬನ್ನಿ ಬನ್ನಿ. ಈಗ ತಾನೆ ಫಲಾಹಾರಕ್ಕೆ ಕೂತ್ರು” ಎಂದಳು ಅಮ್ಮ, ಸಂಕೋಚದಿಂದ, ಆದರೆ ಒಳಗೊಳಗೇ ಸಂತೋಷದಿಂದ. ತಾನು ಎಷ್ಟು ಕಟ್ಟುನಿಟ್ಟಾಗಿ ನಡೆಸುತ್ತಿದ್ದೇನೆಂದು ಡಾಕ್ಟರೇ ನೋಡಲಿ ಎಂದು.

ಡಾಕ್ಟರು ಚೀಲ ಕೆಳಗಿಟ್ಟು ತಟ್ಟೆಯನ್ನು ನೋಡಿದರು. ಒಂದರ ಮೇಲೊಂದು ದೋಸೆ, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಆಲೂಗೆಡ್ಡೆ ಪಲ್ಯ.

“ಹಣ್ಣು ಎಲ್ಲಿ?” ಎಂದರು.

“ಹಣ್ಣು ನಿಲ್ಲಿಸಿಬಿಟ್ಟೆ ಡಾಕ್ಟ್ರೇ. ಅದರಿಂದಲೇ ಜಾಸ್ತಿಯಾಗ್ತಿದೆಯೇನೋ ಅಂತ.”

“ಮತ್ತೆ ಇದು?”

“ಇದೇ ಫಲಾಹಾರ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರಿಗೆ ಕೋಪ ಬರುತ್ತದೆಂದುಕೊಂಡೆ, ಬರಲಿಲ್ಲ. ಅಪ್ಪನ ಪಕ್ಕ ಚಾಪೆಯ ಮೇಲೆಯೇ ಕೂತು, ದೋಸೆಯ ಅಂಚು ಮುರಿದು ಕೈಯಲ್ಲಿ ಹಿಡಿದು, “ಇದು ಯಾವುದರಿಂದ ಮಾಡಿದ್ದು ಅಮ್ಮ?” ಎಂದರು.

“ಅಕ್ಕಿ, ಉದ್ದಿನಬೇಳೆ.”

“ಅನ್ನ ಯಾವುದರಿಂದ ಮಾಡ್ತೀರಿ?”

ಅಮ್ಮನಿಗೆ ಒಮ್ಮೆಲೇ ಹೊಳೆಯಿತೆಂದು ಕಾಣುತ್ತದೆ. ಕೈಯಲ್ಲಿದ್ದ ಸೌಟನ್ನು ಹಿಟ್ಟಿನ ಪಾತ್ರೆಗೆ ಬಿಟ್ಟು ಗೋಡೆ ಹಿಡಿದುಕೊಂಡಳು.

“ದಿನಾ?” ಎಂದು ಡಾಕ್ಟರು ನನ್ನನ್ನು ಕೇಳಿದರು.

“ದಿನಾ” ಎಂದೆ.

“ತಪ್ಪು ನನ್ನದೂ ಇದೆ. ನಮ್ಮ ಕಡೆ ಫಲಾಹಾರ ಅಂದರೆ ಹಣ್ಣು” ಎಂದರು. ಅಪ್ಪ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು. ಗಾಯ ನೋಡಿದ ಮೇಲೆ ಡಾಕ್ಟರು, ಒಂದು ಬೆರಳು ತೆಗೆಯಲೇಬೇಕು, ಉಳಿದ ಕಾಲು ಉಳಿಸಲು ನೋಡೋಣ ಎಂದರು.

ಅವರು ಹೋದ ಮೇಲೆ ಅಮ್ಮ ಕಾವಲಿ ತೊಳೆಯುತ್ತಾ ಕೂತವಳು ಏಳಲೇ ಇಲ್ಲ. “ನನ್ನ ಕೈಯಾರೆ ಬಡಿಸಿದೆನಲ್ಲೇ” ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, “ನಿಮ್ಮ ದೊಡ್ಡಮ್ಮನೂ ಹೀಗೇ ಬಡಿಸಿದ್ಲೇನೋ ಪಾಪ” ಎಂದಳು. ನಾನು ಪಕ್ಕದಲ್ಲಿ ಕೂತು ಅವಳ ಕೈಯಿಂದ ಕಾವಲಿ ಇಸಿದುಕೊಂಡೆ.

ಆಸ್ಪತ್ರೆಯಲ್ಲಿ ಒಂದು ಬೆರಳು ಹೋಯಿತು. ಕಾಲು ಉಳಿಯಿತು, ಆದರೆ ಉಳಿಯಿತೆಂದು ಯಾರೂ ಗಟ್ಟಿಯಾಗಿ ಹೇಳುವ ಧೈರ್ಯ ಮಾಡಲಿಲ್ಲ. ರಾತ್ರಿ ಎಣ್ಣೆಯಿಲ್ಲದ ಎರಡು ಚಪಾತಿ, ಒಂದು ಬಟ್ಟಲು ಸೊಪ್ಪಿನ ಪಲ್ಯ, ತೆಳು ಮಜ್ಜಿಗೆ. ಅಮ್ಮನಿಗೆ ಚಪಾತಿ ದುಂಡಗೆ ಬರುತ್ತಿರಲಿಲ್ಲ. ಅಪ್ಪ ಅದನ್ನು ಭೂಪಟದಂತೆ ಎತ್ತಿ ಹಿಡಿದು, “ಇವತ್ತು ಸಿಲೋನು” ಎನ್ನುತ್ತಿದ್ದರು. ಗಾಯ ಮಾಗಿದ ಮೇಲೆ ದಪ್ಪ ಮೆತ್ತೆಯ ಚಪ್ಪಲಿ ಹಾಕಿಕೊಂಡು ಬೆಳಿಗ್ಗೆ, ಸಂಜೆ ನಡೆಯತೊಡಗಿದರು. ಅಮ್ಮ ಹತ್ತು ಹೆಜ್ಜೆ ಹಿಂದೆ, ಕಲ್ಲು ಮುಳ್ಳು ನೋಡುತ್ತಾ. ತಿಂಗಳುಗಳ ಮೇಲೆ ಒಂದು ಬೆಳಿಗ್ಗೆ ನಳಿಗೆ ನೀಲಿಯಾಗಿಯೇ ಉಳಿಯಿತು. ನಂಬಿಕೆ ಬಾರದೆ ಇನ್ನೊಮ್ಮೆ ಕುದಿಸಿದೆ.

ಅಮ್ಮನಿಗೆ ಅತಿ ಕಷ್ಟವಾದದ್ದು ಬೇಡವೆನ್ನುವುದು. ಅವಳ ಪ್ರೀತಿಯೆಲ್ಲ ಬಡಿಸುವುದರಲ್ಲಿತ್ತು. ಅಪ್ಪ ತಟ್ಟೆ ತೋರಿಸಿ, “ಇನ್ನರ್ಧ ಹಾಕೇ” ಎಂದರೆ ಅವಳು ಅಡುಗೆಮನೆಯ ಕಡೆ ತಿರುಗಿ ನಿಂತು “ಆಗೋಯ್ತು” ಎನ್ನುತ್ತಿದ್ದಳು. ಆಗಿಹೋಗಿರುತ್ತಿರಲಿಲ್ಲ.

ಮರು ವರ್ಷ ದೊಡ್ಡಪ್ಪನ ಮಗನ ಮಗಳಿಗೆ ಮದುವೆಯಾಯಿತು. ಬಸವನಗುಡಿಯ ಛತ್ರದಲ್ಲಿ ಊಟ. ಗಂಡಸರದು ಒಂದು ಪಂಕ್ತಿ, ಎದುರಿಗೆ ನಾವು ಹೆಂಗಸರು. ಅಪ್ಪ ಪಾಯಸಕ್ಕೆ ಬೇಡವೆಂದರು, ಲಾಡುಗೆ ಬೇಡವೆಂದರು. ಹೋಳಿಗೆ ಬಂದಾಗ ದೊಡ್ಡಪ್ಪನ ಮಗ ತಾನೇ ತುಪ್ಪದ ಗಿಂಡಿ ಹಿಡಿದು ಬಂದು ಎದುರಿಗೆ ನಿಂತ.

“ಚಿಕ್ಕಪ್ಪ, ಕೈ ತೆಗೀರಿ. ನನ್ನ ಮಗಳ ಮದುವೆ. ಒಂದು ದಿನಕ್ಕೆ ಏನಾಗುತ್ತೆ?”

“ಬೇಡಪ್ಪ, ಡಾಕ್ಟ್ರು...”

“ಡಾಕ್ಟ್ರು ಹೇಳ್ತಾನೇ ಇರ್ತಾರೆ. ಅಪ್ಪ ಇದ್ದಿದ್ರೆ ನಿಮ್ಮನ್ನ ಬಿಡ್ತಿದ್ರಾ?”

ಅಪ್ಪ ಎಲೆಯ ಮೇಲಿನ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಹೋಳಿಗೆ ಬಿತ್ತು. ಅದರ ಮೇಲೆ ಇನ್ನೊಂದು ಬಿತ್ತು, ತುಪ್ಪ ಬಿತ್ತು. ಅಪ್ಪ ಅದನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಅಮ್ಮನ ಎಲೆಯ ಮುಂದೆ ಅಮ್ಮ ಇರಲಿಲ್ಲ.

ಪಂಕ್ತಿಯ ಮಧ್ಯದಲ್ಲಿ ಎದ್ದು ಹೋಗಬಾರದು, ಅದರಲ್ಲೂ ಎಂಜಲು ಕೈಯಲ್ಲಿ ಗಂಡಸರ ಸಾಲಿಗೆ. ಮಡಿಯ ವಿಷಯದಲ್ಲಿ ನಮ್ಮನ್ನೆಲ್ಲ ಗೋಳು ಹೊಯ್ದುಕೊಂಡ ಅಮ್ಮ ಛತ್ರದ ಅಷ್ಟು ಜನರ ಎದುರು ಸರಸರನೆ ದಾಟಿ ಹೋಗಿ, ಬಗ್ಗಿ, ಅಪ್ಪನ ಎಲೆಯಿಂದ ಹೋಳಿಗೆಗಳನ್ನು ಎತ್ತಿಕೊಂಡಳು. ತುಪ್ಪ ಅವಳ ಮೊಣಕೈವರೆಗೆ ಇಳಿಯಿತು.

“ಏನು ಚಿಕ್ಕಮ್ಮ ಇದು, ಎಲ್ಲರ ಮುಂದೆ?” ಎಂದ ದೊಡ್ಡಪ್ಪನ ಮಗ. ಅವನ ಮುಖ ಕೆಂಪಾಗಿತ್ತು.

“ನಿಮ್ಮಪ್ಪನಿಗೆ ನಾವೆಲ್ಲ ಸೇರಿ ಬಡಿಸಿದ್ವಿ ಕಣಪ್ಪ” ಎಂದಳು ಅಮ್ಮ. “ನನಗೆ ಇವರ ಕಾಲು ಬೇಕು.”

ಅವನು ಗಿಂಡಿ ಹಿಡಿದು ಹಾಗೇ ನಿಂತ. ಹೋಳಿಗೆಯನ್ನು ಎಲ್ಲಿಡುವುದೋ ಅಮ್ಮನಿಗೂ ತಿಳಿಯಲಿಲ್ಲ. ಅಪ್ಪ ತಲೆಯೆತ್ತಿ ಅವಳನ್ನು ನೋಡಿದರು, ಆಮೇಲೆ ಬಡಿಸುವವರ ಕಡೆ ತಿರುಗಿ, “ಈ ಎಲೆಗೆ ಮಜ್ಜಿಗೆ ಬರಲಿ” ಎಂದು ಕೂಗಿದರು.