ಓನರಮ್ಮನ ಟ್ಯಾಂಕು

ಅವರ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಎಪ್ಪತ್ತೊಂದರ ಯುದ್ಧದಲ್ಲಿ ಗಂಡ ತೀರಿಕೊಂಡ ಸುದ್ದಿ ಹಲಗೂರಿನ ಹತ್ತಿರದ ಅವರ ಊರಿಗೆ ಬಂದ ದಿನ, ಓಲೆ ಬಿಚ್ಚಲು ಬಂದ ಹೆಂಗಸರು ತಿರುಪು ಬಿಡಿಸಲಾಗದೆ ಎಳೆದುಬಿಟ್ಟಿದ್ದರಂತೆ. ಆ ಸೀಳನ್ನು ಅವರು ಹೊಲಿಸಿಕೊಳ್ಳಲೇ ಇಲ್ಲ. ಏನಾದರೂ ಯೋಚಿಸುವಾಗ ಅದರ ಎರಡು ತುದಿಗಳನ್ನೂ ಬೆರಳಲ್ಲಿ ಕೂಡಿಸಿ ಹಿಡಿದುಕೊಳ್ಳುವುದು ಅವರ ಅಭ್ಯಾಸ.

ಮಂಡ್ಯದ ಗುತ್ತಲಿನಲ್ಲಿ ನಾನು ಬಾಡಿಗೆಗಿದ್ದ ಮನೆ ಅವರದು. ಎಲ್ಲರಿಗೂ ಅವರು ಓನರಮ್ಮ. ಮಕ್ಕಳಿರಲಿಲ್ಲ. ಬಯ್ಯದೆ ಅವರಿಗೆ ಬೆಳಗಾಗುತ್ತಿರಲಿಲ್ಲ. ಅಂಗಳ ಗುಡಿಸುವಾಗ ಪೊರಕೆಗೆ ಬಯ್ಯುವರು, ನೀರು ನಿಂತರೆ ನಲ್ಲಿಗೆ ಬಯ್ಯುವರು. ಹಾಲಿನವನು ಹೆದರಿ ಗೇಟಿನ ಹೊರಗೇ ನಿಂತು ಕೂಗುತ್ತಿದ್ದ.

ನಾನು ಮದ್ದೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಆ ಮನೆಗೆ ಬಂದ ಮೇಲೆ ಒಂದು ಸಂಜೆ ಹೆದ್ದಾರಿ ದಾಟುತ್ತಿದ್ದ ನನ್ನ ಗಂಡನಿಗೆ ಯಾವುದೋ ಗಾಡಿ ಗುದ್ದಿ ನಿಲ್ಲಿಸದೆ ಹೋಯಿತು. ಯಾವ ಗಾಡಿಯೆಂದು ಕೊನೆಗೂ ತಿಳಿಯಲಿಲ್ಲ. ತಿಥಿ ಮುಗಿದ ಮೇಲೆ ನಾನು ಮಾತು ಬಿಟ್ಟೆ. ಅಳುವೂ ಬರುತ್ತಿರಲಿಲ್ಲ. ಒಂದು ಭಾನುವಾರ ಓನರಮ್ಮ ಬಾಗಿಲಲ್ಲಿ ಬಂದು ನಿಂತು, "ಏಳು, ಸೀರೆ ಬದಲಾಯಿಸ್ಕ. ನನ್ ಜೊತೆ ಬಾ," ಎಂದರು.

ಕರೆದುಕೊಂಡು ಹೋದದ್ದು ಮಂಡ್ಯದ ಒಂದು ಉದ್ಯಾನಕ್ಕೆ. ಅದರ ಮೂಲೆಯಲ್ಲಿ, ಸಿಮೆಂಟಿನ ಕಟ್ಟೆಯ ಮೇಲೆ, ಯುದ್ಧದಲ್ಲಿ ಪಾಕಿಸ್ತಾನದವರಿಂದ ವಶಪಡಿಸಿಕೊಂಡ ಟ್ಯಾಂಕೊಂದಿತ್ತು. ಅದನ್ನು ತಡೆದು ನಿಲ್ಲಿಸುವಾಗ ಪ್ರಾಣ ಕೊಟ್ಟ ನಮ್ಮ ಜಿಲ್ಲೆಯ ಯೋಧ ಎಂದು ಫಲಕದಲ್ಲಿ ಓನರಮ್ಮನ ಗಂಡನ ಹೆಸರಿತ್ತು. ಪ್ರತಿ ಡಿಸೆಂಬರಿನಲ್ಲಿ ಊರಿನ ಒಂದು ಸಮಿತಿಯವರು ಭಾಷಣ ಮಾಡಿ ಓನರಮ್ಮನಿಂದ ಹಾರ ಹಾಕಿಸುತ್ತಿದ್ದರು. ನನಗೆ ಗೊತ್ತಿದ್ದದ್ದು ಅಷ್ಟೇ. ಉಳಿದ ಭಾನುವಾರಗಳಲ್ಲಿ ಅವರು ಒಬ್ಬರೇ ಇಲ್ಲಿಗೆ ಬರುತ್ತಿದ್ದದ್ದು ಗೊತ್ತಿರಲಿಲ್ಲ.

ಬಾಯಾರಿಕೆಯಾಗಿ ಅವರ ಚೀಲದಲ್ಲಿದ್ದ ಬಾಟಲಿ ಎತ್ತಿ ಕುಡಿದೆ. ತಕ್ಷಣ ಉಗುಳಿದೆ. ಬರೀ ಉಪ್ಪು.

"ಅದು ನಿಂಗಲ್ಲ ಕಣವ್ವ, ಅದಕ್ಕೆ," ಎಂದು ಟ್ಯಾಂಕಿನ ಕಡೆ ಗದ್ದ ಎತ್ತಿ ತೋರಿಸಿದರು. ಕಟ್ಟೆ ಹತ್ತಿ, ಚಕ್ರಗಳ ಸಂದಿಗೆ, ಬೆಸುಗೆಯ ಗೆರೆಗಳಿಗೆ ಆ ನೀರನ್ನು ನಿಧಾನವಾಗಿ ಸುರಿದರು. "ತುಕ್ಕು ಇಡ್ದು ಉದುರಿ ಓಗ್ಲಿ. ಸಮಿತಿಯೋರು ಬಣ್ಣ ಬಳೀತಾರೆ, ನಾನು ಉಪ್ಪುನೀರು ಉಯ್ತೀನಿ. ಯಾರು ಗೆಲ್ತಾರೋ ನೋಡ್ಮ." ಆಮೇಲೆ ಟ್ಯಾಂಕನ್ನು ಬಯ್ದರು. ಎದುರುಮನೆಯವಳ ಜೊತೆ ಜಗಳಕ್ಕೆ ನಿಂತವರ ಹಾಗೆ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಯ್ದರು. ಉಸಿರು ಕಟ್ಟಿದ ಮೇಲೆ ನನ್ನ ಕಡೆ ತಿರುಗಿದರು. "ನಿನ್ ಗಂಡುನ್ನ ಗುದ್ದಿದ್ದು ಸಿಗ್ನೇ ಇಲ್ವಲ್ಲ. ಬಾ, ನೀನೂ ಇದ್ನೇ ಬಯ್ಯಿ. ಇದು ನಂದು, ಬ್ಯಾಡ ಅನ್ನಕಿಲ್ಲ."

ನನಗೆ ಬಯ್ಯಲು ಬಾರದು. ಕಾದ ಕಬ್ಬಿಣಕ್ಕೆ ಅಂಗೈ ಬಡಿದೆ. ಮತ್ತೆ ಬಡಿದೆ. ಆಗ ಅಳು ಬಂತು. ಓನರಮ್ಮ ತಡೆಯಲಿಲ್ಲ. ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ ಕಾದರು.

ವರ್ಷಗಟ್ಟಲೆ ನಾವಿಬ್ಬರೂ ಹೀಗೆ ಹೋಗಿಬಂದೆವು. ಕಡೆಗೆ, ತಳವೆಲ್ಲ ತುಕ್ಕು ತಿಂದಿದೆಯೆಂದು ಟ್ಯಾಂಕನ್ನು ದುರಸ್ತಿಗೆ ತೆಗೆದುಕೊಂಡರು. ಹಳೆಯ ಬಣ್ಣ ಕೆರೆದಾಗ ಅಡಿಯಲ್ಲಿ ಅದರ ಮೂಲ ಸಂಖ್ಯೆ ಕಾಣಿಸಿತು. ಇಂಥ ಟ್ಯಾಂಕುಗಳ ಇತಿಹಾಸ ಹುಡುಕುವ ನಿವೃತ್ತ ಸೇನಾಧಿಕಾರಿಯೊಬ್ಬರು ಅದನ್ನು ನೋಡಿ, ಯುದ್ಧಕಾಲದ ಒಂದು ಫೋಟೋ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ಅಮ್ಮ, ನಿಮ್ಮ ಯಜಮಾನರು ಹೋರಾಡಿದ ಜಾಗಕ್ಕೆ ಈ ಟ್ಯಾಂಕು ಬಂದೇ ಇರಲಿಲ್ಲ," ಎಂದರು ಮೆಲ್ಲಗೆ. "ಅದಕ್ಕೂ ಮೊದಲೇ, ಬೇರೆ ಕಡೆ, ಕೆಸರಲ್ಲಿ ಹೂತುಹೋಗಿತ್ತು. ಅಲ್ಲೇ ಸಿಕ್ಕಿಬಿತ್ತು. ಒಂದು ಗುಂಡನ್ನೂ ಹಾರಿಸಿರಲಿಲ್ಲ. ಇಲ್ಲಿಗೆ ಕಳಿಸುವಾಗ ಯಾರೋ ಎರಡು ಕತೆ ಸೇರಿಸಿಬಿಟ್ಟಿದ್ದಾರೆ."

ಫೋಟೋದಲ್ಲಿ ಅದೇ ಸಂಖ್ಯೆಯ ಟ್ಯಾಂಕು ಹೊಟ್ಟೆಯವರೆಗೂ ಕೆಸರಲ್ಲಿತ್ತು. ಪಕ್ಕದ ಬದುವಿನ ಮೇಲೆ ಸೆರೆಸಿಕ್ಕ ನಾಲ್ವರು ಕೂತಿದ್ದರು. ಒಬ್ಬನಿಗೆ ನಮ್ಮವರು ಯಾರೋ ಟೀ ಕೊಟ್ಟಿದ್ದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

ಓನರಮ್ಮ ಬಹಳ ಹೊತ್ತು ನೋಡಿದರು. "ಇವರೆಲ್ಲ ಏನಾದ್ರು?"

"ಯುದ್ಧ ಮುಗಿದ ಮೇಲೆ ಸೆರೆಯಾಳುಗಳನ್ನು ವಾಪಸು ಕಳಿಸಿದರು. ಇವರೂ ಹೋಗಿರುತ್ತಾರೆ."

"ಮನೆಗಾ?"

"ಮನೆಗೆ."

"ಅಂಗಾದ್ರೆ ನಮ್ಮೆಜಮಾನ್ರುನ ಕೊಂದಿದ್ಯಾವ್ದು?"

"ಅದು ಗೊತ್ತಿಲ್ಲಮ್ಮ. ಆ ದಿನ ಅಲ್ಲಿ ಬಹಳ ಟ್ಯಾಂಕುಗಳಿದ್ದವು."

ಡಿಸೆಂಬರು ಹತ್ತಿರವಿತ್ತು. ಸಮಿತಿಯವರು ಬಂದು ಪಡಸಾಲೆಯಲ್ಲಿ ಕೂತರು. ಅವರಲ್ಲಿ ಹಿರಿಯರು, "ಯಾರೋ ಬಂದು ಒಂದು ಪಟ ತೋರಿಸ್ದ ಅಂತ ಬೋರ್ಡು ತಗಿಯಕಾಯ್ತದಾ? ಅದು ಇದ್ದಂಗೇ ಇರ್ಲಿ ಕಣಮ್ಮ. ನೀವು ಬಂದು ಆರ ಆಕ್ಬುಡಿ," ಎಂದರು.

"ತಗೀರಿ," ಎಂದರು ಓನರಮ್ಮ.

"ನಿಮ್ಮೆಜಮಾನ್ರ ಎಸ್ರು ಓಯ್ತದೆ."

"ಓಗ್ಲಿ. ಆ ಉಡುಗ್ರು ಯಾರ್ನೂ ಕೊಂದಿಲ್ವಲ್ಲ. ಅವರ ತಲೆಗೆ ಯಾಕೆ ಕೊಲೆ ಕಟ್ಟೀರಿ?"

ಫಲಕ ಬದಲಾಯಿತು. ಹೊಸದರಲ್ಲಿ ಗಂಡನ ಹೆಸರಿರಲಿಲ್ಲ. ಆ ಸಲದ ಕಾರ್ಯಕ್ರಮಕ್ಕೆ ಇವರನ್ನು ಯಾರೂ ಕರೆಯಲಿಲ್ಲ.

ಅವರಿಗೆ ಇದರಿಂದ ಹಗುರವಾಗಬಹುದು ಎಂದುಕೊಂಡಿದ್ದೆ. ಆದರೆ ಅವರು ಬಯ್ಯುವುದೇ ನಿಂತುಹೋಯಿತು. ನಲ್ಲಿ ನಿಂತರೂ ಸುಮ್ಮನಿರುವರು. ಹಾಲಿನವನು ಒಳಗೆ ಬಂದು, "ಅಮ್ಮಾರ್ಗೆ ಉಸಾರಿಲ್ವಾ?" ಎಂದು ನನ್ನನ್ನು ಕೇಳಿದ. ಭಾನುವಾರ ಹೋಗೋಣವೇ ಎಂದರೆ, "ಯಾರ್ನ ನೋಡಕ್ಕೆ? ಇಷ್ಟು ವರ್ಸ ಬಯ್ದೆ, ಅದು ಏನೂ ಮಾಡೇ ಇರ್ನಿಲ್ಲ. ಈಗ ಬಯ್ಯಕ್ಕೂ ಒಂದು ಜಾಗ ಇಲ್ದಂಗಾಯ್ತು ಕಣವ್ವ," ಎಂದರು.

ಬಯ್ಯಲು ಜಾಗವಿಲ್ಲದ ಸ್ಥಿತಿ ನನಗೆ ಗೊತ್ತಿತ್ತು. ಅಂಥ ಹೊತ್ತಿನಲ್ಲಿ ಅವರು ತಮ್ಮ ಟ್ಯಾಂಕಿನಲ್ಲಿ ನನಗೂ ಪಾಲು ಕೊಟ್ಟಿದ್ದರು. ತಿರುಗಿ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಅವರಿಗೆ ಕೆಮ್ಮು ಎದೆಗಿಳಿಯಿತು. ಆಸ್ಪತ್ರೆಗೆ ಸೇರಿಸಿದೆ. ಒಂದು ಸಂಜೆ, ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದಾಗ, ಕಣ್ಣು ಮುಚ್ಚಿಕೊಂಡೇ ಕೇಳಿದರು: "ಲೋಟ ಇಡ್ಕಂಡಿದ್ನಲ್ಲ ಆ ಉಡುಗ, ಅವ ಮನೆಗೆ ಓದ ದಿನ ಅವರವ್ವ ಏನು ಅಡ್ಗೆ ಮಾಡಿದ್ದಾಳು?"

"ಗೊತ್ತಿಲ್ಲ," ಎಂದೆ.

"ಏನೋ ಬಿಸಿಯಾಗಿ ಮಾಡಿರ್ತಾಳೆ ಬುಡು." ಕಿವಿಯ ಸೀಳಿನ ಎರಡು ತುದಿಗಳನ್ನೂ ಬೆರಳಲ್ಲಿ ಕೂಡಿಸಿ ಹಿಡಿದುಕೊಂಡರು. "ಯುದ್ದ ಮುಗೀತು ಅಂತ ರೇಡಿಯೋದಲ್ಲಿ ಏಳುದ್ರು. ಇನ್ನೇನು ಇವರೂ ಬಂದ್ಬುಡ್ತಾರೆ ಅಂತ ಅವರೇಕಾಳು ಬುಡಿಸಿ ನೆನಾಕಿದ್ದೆ. ಆಮೇಲೆ ಸುದ್ದಿ ಬಂತು. ಆ ಕಾಳ ಯಾರು ಚೆಲ್ಲುದ್ರೋ, ನಾನು ನೋಡ್ನೇ ಇಲ್ಲ."

ಮಾರನೆಯ ಬೆಳಿಗ್ಗೆ ನಾನು ಗಂಜಿ ತೆಗೆದುಕೊಂಡು ಹೋಗುವಷ್ಟರಲ್ಲಿ ಆಸ್ಪತ್ರೆಯ ಆಯಾಗಳು ಅವರ ಖಾಲಿ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದರು.