ಸಾಕ್ಷಿ ಗಾಜು

ಶವಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಮಿದುಳಿನ ಚೂರುಗಳನ್ನು ಕೂದಲಿಗಿಂತ ತೆಳ್ಳಗೆ ಸೀಳಿ ಗಾಜಿನ ಮೇಲೆ ಕೂರಿಸಿದವಳು ಗಾಜಕ್ಕ. ಹುಟ್ಟುಹೆಸರೇನಿದ್ದರೂ ಹಾಜರಿ ಪುಸ್ತಕಕ್ಕೆ. ಕೋಪ ಮೂಗಿನ ತುದಿಯಲ್ಲೇ. ಕೈ ಒಮ್ಮೆಯೂ ತಪ್ಪಿಲ್ಲ ಎಂಬ ಜಂಬ ಬೇರೆ. ಆ ಮಂಗಳವಾರದವರೆಗೆ ಅದೇನೂ ಸುಳ್ಳಾಗಿರಲಿಲ್ಲ.

ಅಂದು ಸರದಿಯಲ್ಲಿದ್ದದ್ದು ಒಬ್ಬ ವೈರಿಂಗ್ ಕೆಲಸದವನ ಮಿದುಳು. ಸಂಜೆ ಜಗಳದಲ್ಲಿ ತಮ್ಮ ನೂಕಿದ್ದ, ಅರ್ಧ ಗಂಟೆಯೊಳಗೆ ಅಣ್ಣ ಸತ್ತಿದ್ದ. ತಮ್ಮ ಲಾಕಪ್ಪಿಗೆ ಹೋದ. ಅಣ್ಣ ಬೆಳಿಗ್ಗೆಯೇ ಏಣಿಯಿಂದ ಬಿದ್ದಿದ್ದನೆಂದು ತಾಯಿ ಬಡಕೊಂಡರೂ ಪೊಲೀಸರು ಕಿವಿಗೆ ಹಾಕಿಕೊಳ್ಳಲಿಲ್ಲ. ಹೆತ್ತ ಕರುಳು, ಇನ್ನೇನು ಹೇಳೀತು ಎಂದರು. ಬುರುಡೆ ಒಡೆದಿರಲಿಲ್ಲ. ಮಿದುಳು ಊದಿಕೊಂಡಿತ್ತು, ಅಷ್ಟೇ. ಉಳಿದದ್ದು ಹೊಸ ಬಣ್ಣದ ಪರೀಕ್ಷೆಯೊಂದೇ. ಪೆಟ್ಟಿನಿಂದ ಹರಿದ ನರದೆಳೆಗಳು ಅದರಲ್ಲಿ ಕಂದು ಗಂಟುಗಳಾಗಿ ಕಾಣುತ್ತವೆ, ಆದರೆ ಪೆಟ್ಟು ತಿಂದವನು ಆಮೇಲೆ ಎರಡು ಮೂರು ಗಂಟೆಯಾದರೂ ಬದುಕಿರಬೇಕು. ಗಂಟು ಕಂಡರೆ ಪೆಟ್ಟು ಬೆಳಗಿನದು, ತಮ್ಮ ಬಚಾವ್.

ಗಾಜಿನ ಮೇಲೆ ಕಂದಿನ ಸುಳಿವೇ ಇರಲಿಲ್ಲ. ಡಾಕ್ಟರು ಪೆನ್ನು ತೆಗೆದರು.

"ಏನೂ ಇಲ್ಲ. ಬರೆದುಬಿಡ್ತೀನಿ. ಪೊಲೀಸರು ಕಾಯ್ತಿದ್ದಾರೆ."

ಗಾಜಕ್ಕನಿಗೆ ಆಗ ನೆನಪಾಯಿತು. ಖಂಡಿತ ಕಂದಾಗುವ ಹಳೆಯ ಕೇಸಿನ ಚೂರೊಂದನ್ನು ಪ್ರತಿ ಸಲವೂ ಜೊತೆಗಿಟ್ಟು ಬಣ್ಣ ಹಾಕಬೇಕು. ಅದನ್ನು ಸಾಕ್ಷಿ ಗಾಜು ಎನ್ನುತ್ತಿದ್ದರು. ಅದೇ ಕಂದಾಗದಿದ್ದರೆ ಬಣ್ಣವೇ ಕೆಟ್ಟಿದೆ ಎಂದರ್ಥ. ತನ್ನ ಕೈಗೆ ಅದೆಲ್ಲ ಯಾಕೆ ಎಂದು ಅವಳು ಅಂದು ಇಟ್ಟಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಡಾಕ್ಟರ ಪೆನ್ನಿಗೆ ಕೈ ಅಡ್ಡ ಹಿಡಿದಳು.

"ಸಾರ್, ಸಹಿ ಹಾಕಬೇಡಿ. ಸಾಕ್ಷಿ ಗಾಜು ಇಟ್ಟಿಲ್ಲ ನಾನು."

"ನೀವಾ?"

"ನಾನೇ. ಬೈಯೋದಿದ್ರೆ ಆಮೇಲೆ ಬೈಯಿರಿ."

ಮಾರನೇ ದಿನ ಹೊಸ ಬಾಟಲಿ ತೆಗೆದು ಎರಡಕ್ಕೂ ಒಟ್ಟಿಗೆ ಬಣ್ಣ ಹಾಕಿದಳು. ಸಾಕ್ಷಿ ಗಾಜು ಕಂದಾಯಿತು. ಆಮೇಲೆ ಕೇಸಿನ ಗಾಜನ್ನು ಮೈಕ್ರೋಸ್ಕೋಪಿನಡಿ ಇಟ್ಟಳು. ಗಂಟುಗಳು ಕಂಡವು, ಒಂದಲ್ಲ ಎರಡಲ್ಲ. ಡಾಕ್ಟರು ನೋಡಿದರು, ಬೈದರು, ಬರೆದರು.

ತಾಯಿ ವರಾಂಡದ ಬೆಂಚಿನಲ್ಲಿ ಕಾಯುತ್ತಿದ್ದಳು. ಡಾಕ್ಟರ ಅಪ್ಪಣೆ ಪಡೆದು ಗಾಜಕ್ಕನೇ ಹೋಗಿ ಹೇಳಿದಳು.

"ಚಿಕ್ಕವನದ್ದು ತಪ್ಪಿಲ್ಲಮ್ಮ. ಪೆಟ್ಟು ಬೆಳಗ್ಗೆದೇ."

ತಾಯಿ ಕೈ ಮುಗಿದಳು. ಮುಗಿದ ಕೈ ಹಾಗೇ ನಿಂತಿತು.

"ಹಾಗಾದ್ರೆ ಸಂಜೆವರೆಗೂ ಟೈಮಿತ್ತಾ? ತಲೆನೋವು ಅಂದ. ಮಲಗಪ್ಪಾ, ಸರಿಹೋಗುತ್ತೆ ಅಂದಿದ್ದು ನಾನೇ."

"ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೂ ಉಳೀತಿರಲಿಲ್ಲಮ್ಮ," ಎಂದಳು ಗಾಜಕ್ಕ.

ಅದು ಅವಳಿಗೆ ಗೊತ್ತಿರಲಿಲ್ಲ. ಯಾವ ಬಣ್ಣವೂ ಅದನ್ನು ತೋರಿಸುವುದಿಲ್ಲ. ಆದರೂ ಆ ತಾಯಿಯ ಮುಖ ನೋಡಿಕೊಂಡೇ ಇನ್ನೊಮ್ಮೆ ಹೇಳಿದಳು.